ಬದುಕು ಬದಲಾದಾಗ ಓಪನ್ ಸೋರ್ಸ್ ಹೊಣೆಗಳನ್ನು ನಿಭಾಯಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಮಗು ಹುಟ್ಟಿದ ವರ್ಷ, ನಾನು ನೋಡಿಕೊಳ್ಳುತ್ತಿದ್ದ ಸಣ್ಣದೊಂದು ಓಪನ್ ಸೋರ್ಸ್ ಲೈಬ್ರರಿಯ (ಯಾರು ಬೇಕಾದರೂ ನೋಡಿ, ಬಳಸಿ, ತಿದ್ದಬಹುದಾದ ಕೋಡಿನ ಸಂಗ್ರಹದ) ಕಡೆ ನಾಲ್ಕು ತಿಂಗಳು ತಿರುಗಿಯೂ ನೋಡಲಿಲ್ಲ. ರಾತ್ರಿ ನಿದ್ದೆಯಿಲ್ಲ, ಹಗಲೆಲ್ಲ ನೌಕರಿ. ಹಾಗಾಗಿ ಕೋಡಿನ ಕಡೆ ಬರಲಾಗದ್ದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಾದದ್ದು ಯಾರಿಗೂ ಒಂದು ಮಾತು ಹೇಳದೆ ಹೋದದ್ದು. ಆ ಅವಧಿಯಲ್ಲಿ ಹೊಸಬರೊಬ್ಬರು ಒಳ್ಳೆಯ ಪ್ಯಾಚ್ ಒಂದನ್ನು, ಅಂದರೆ ಕೋಡಿಗೆ ಒಂದು ತಿದ್ದುಪಡಿಯನ್ನು, ಕಳಿಸಿದ್ದರು. ಎರಡು ವಾರ ಕಾದು, ‘ಬಿಡುವಾದಾಗ ಇದನ್ನು ನೋಡುತ್ತೀರಾ?’ ಎಂದು ಕೇಳಿದ್ದರು. ತಿಂಗಳ ಮೇಲೆ, ‘ನನ್ನಿಂದ ಏನಾದರೂ ತಪ್ಪಾಗಿದ್ದರೆ ತಿಳಿಸಿ’ ಎಂದು ಬರೆದಿದ್ದರು. ಆಮೇಲೆ ಬರೆಯುವುದನ್ನೇ ಬಿಟ್ಟಿದ್ದರು. ನಾನು ಮರಳಿ ಬಂದು, ಕ್ಷಮೆ ಕೇಳಿ, ಪ್ಯಾಚ್ ಸೇರಿಸಿಕೊಂಡೆ. ಅವರು ಮತ್ತೆ ಬರಲಿಲ್ಲ.

ನೌಕರಿಯಲ್ಲಾದರೆ ರಜೆಗೆ ಅರ್ಜಿ ಹಾಕುತ್ತೇವೆ, ಯಾರೋ ಒಪ್ಪುತ್ತಾರೆ, ನಮ್ಮ ಕೆಲಸ ಯಾರ ಪಾಲಿಗೋ ಹೋಗುತ್ತದೆ. ಸ್ವಯಂಸೇವೆಯಲ್ಲಿ ರಜೆ ಕೊಡುವವರು ಯಾರೂ ಇಲ್ಲದ ಕಾರಣ ಕೇಳುವ ಅಭ್ಯಾಸವೂ ನಮಗಿಲ್ಲ. ಮದುವೆ, ಮಗು, ಹೊಸ ಕೆಲಸ, ಊರು ಬದಲಾವಣೆ, ಮನೆಯಲ್ಲಿ ಕಾಯಿಲೆ, ಸಾವು, ಇವೆಲ್ಲ ಬಂದಾಗ ನಾವು ಸದ್ದಿಲ್ಲದೆ ಕರಗಿಹೋಗುತ್ತೇವೆ. ಇಲ್ಲವೇ ಆಗದ ಭಾರವನ್ನು ಹೊತ್ತು ಮೈಮನಸ್ಸು ಕೆಡಿಸಿಕೊಳ್ಳುತ್ತೇವೆ. ಎರಡೂ ಬೇಡ ಎನ್ನುವವರಿಗಾಗಿ ಈ ಬರಹ. ಒಂದೆರಡು ಬಾರಿ ಪ್ಯಾಚ್ ಕಳಿಸಿದವರಿಗಿಂತ, ಯಾವುದಾದರೊಂದು ಹೊಣೆಯನ್ನು ಕೈಗೆತ್ತಿಕೊಂಡವರಿಗೆ ಇದು ಹೆಚ್ಚು ಉಪಯೋಗಕ್ಕೆ ಬಂದೀತು.

ಹಂತ 1: ನಿಮ್ಮ ಮೇಲೆ ಏನೇನಿದೆ ಎಂದು ಬರೆದಿಡಿ

ಬದಲಾವಣೆಯ ಸುಳಿವು ಸಿಕ್ಕ ದಿನವೇ ಒಂದು ಹಾಳೆ ತೆಗೆದುಕೊಂಡು ಕೂತುಕೊಳ್ಳಿ. ‘ಕೋಡ್ ಬರೆಯುತ್ತೇನೆ, ರಿವ್ಯೂ ಮಾಡುತ್ತೇನೆ’ ಎಂಬುದು ಎಲ್ಲರಿಗೂ ಥಟ್ಟನೆ ನೆನಪಾಗುತ್ತದೆ. ಕಣ್ಣಿಗೆ ಬೀಳದ ಕೆಲಸಗಳೇ ಪಟ್ಟಿಯಲ್ಲಿ ಹೆಚ್ಚು ಮುಖ್ಯ. ಪ್ರಾಜೆಕ್ಟಿನ ಡೊಮೈನ್ ಯಾರ ಹೆಸರಲ್ಲಿದೆ, ಅದರ ವಾರ್ಷಿಕ ಶುಲ್ಕ ಯಾರ ಕಾರ್ಡಿನಿಂದ ಹೋಗುತ್ತದೆ? ಹೊಸ ಆವೃತ್ತಿಯನ್ನು ಪ್ಯಾಕೇಜ್ ಭಂಡಾರಕ್ಕೆ (ಬಳಕೆದಾರರು ತಂತ್ರಾಂಶ ಇಳಿಸಿಕೊಳ್ಳುವ ತಾಣಕ್ಕೆ) ಏರಿಸುವ ಹಕ್ಕು ಯಾರಿಗಿದೆ? ಭದ್ರತಾ ದೋಷಗಳ ವರದಿ ಯಾರ ಇಮೇಲ್‌ಗೆ ಬರುತ್ತದೆ? ಯಾರಾದರೂ ಕಿರುಕುಳದ ದೂರು ಕೊಟ್ಟರೆ ಅದನ್ನು ಓದುವವರು ಯಾರು? ಚಾಟ್ ಕೋಣೆಯ ಅಡ್ಮಿನ್, ಸರ್ವರಿನ ಬ್ಯಾಕಪ್, ದೇಣಿಗೆಯ ಖಾತೆ, ಸ್ವಯಂಚಾಲಿತ ಪರೀಕ್ಷೆಗಳ ಟೋಕನ್ (ಗುಪ್ತ ಕೀಲಿ), ತಿಂಗಳ ಸಭೆಯ ಟಿಪ್ಪಣಿ ಬರೆಯುವುದು, ಹೊಸಬರಿಗೆ ಮೊದಲ ಉತ್ತರ ಕೊಡುವುದು, ಎಲ್ಲವನ್ನೂ ಬರೆಯಿರಿ.

ನಂತರ ಪ್ರತಿಯೊಂದರ ಎದುರೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಾನು ನಾಳೆಯಿಂದ ಒಂದು ತಿಂಗಳು ಸಿಗದಿದ್ದರೆ ಇದನ್ನು ಮಾಡಬಲ್ಲ ಇನ್ನೊಬ್ಬರು ಇದ್ದಾರೆಯೇ? ಇದ್ದರೆ ಅವರ ಹೆಸರು ಬರೆಯಿರಿ. ಇಲ್ಲದ ಕಡೆ ಕೆಂಪು ಗುರುತು ಹಾಕಿ. ಮೊದಲು ಕೈಹಾಕಬೇಕಾದದ್ದು ಆ ಕೆಂಪು ಗುರುತುಗಳಿಗೇ. ನೂರು ತೆರೆದ ಇಶ್ಯೂಗಳಿದ್ದರೂ (ಬಗೆಹರಿಯದ ದೋಷ, ಬೇಡಿಕೆಗಳಿದ್ದರೂ) ಪ್ರಾಜೆಕ್ಟ್ ನಿಲ್ಲುವುದಿಲ್ಲ. ರಿಲೀಸ್ ಮಾಡುವ, ಅಂದರೆ ಹೊಸ ಆವೃತ್ತಿ ಹೊರತರುವ, ಹಕ್ಕು ಒಬ್ಬರಲ್ಲೇ ಇದ್ದು, ಆ ಒಬ್ಬರು ಆಸ್ಪತ್ರೆಯಲ್ಲಿದ್ದರೆ ನಿಂತುಬಿಡುತ್ತದೆ.

ಹಂತ 2: ಇದು ಎಂಥ ಬದಲಾವಣೆ ಎಂದು ಗುರುತಿಸಿ

ಪರೀಕ್ಷೆ, ಮದುವೆ, ಮನೆ ಬದಲಾಯಿಸುವುದು ಇಂಥವಕ್ಕೆ ಕೊನೆಯ ದಿನಾಂಕ ಇರುತ್ತದೆ. ಅವಕ್ಕೆ ಬಿಡುವು ಸಾಕು. ಮಗು, ದೀರ್ಘ ಕಾಯಿಲೆ, ವಯಸ್ಸಾದ ತಂದೆತಾಯಿಯ ಆರೈಕೆ, ಇವು ಬದುಕಿನ ಆಕಾರವನ್ನೇ ಬದಲಿಸುತ್ತವೆ. ಇಲ್ಲಿ ‘ಮೂರು ತಿಂಗಳಲ್ಲಿ ಮೊದಲಿನಂತಾಗುತ್ತೇನೆ’ ಎಂದು ಮಾತು ಕೊಟ್ಟರೆ ನಿಮ್ಮನ್ನೇ ನೀವು ಸಿಕ್ಕಿಸಿಕೊಂಡಂತೆ. ಹೊಸ ನೌಕರಿ ಅಥವಾ ಆಸಕ್ತಿಯೇ ಬೇರೆ ಕಡೆ ಹರಿದದ್ದು ಮೂರನೆಯ ಬಗೆ. ಅಲ್ಲಿ ಪ್ರಾಮಾಣಿಕವಾಗಿ ಯೋಚಿಸಿದರೆ ಉತ್ತರ ‘ಬಿಡುವು’ ಆಗಿರದೆ ‘ವಿದಾಯ’ ಆಗಿರಬಹುದು, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಎಷ್ಟು ಸಮಯ ಕೊಡಬಲ್ಲಿರಿ ಎಂಬುದನ್ನು ಊಹಿಸಬೇಡಿ, ಅಳೆಯಿರಿ. ಬದಲಾವಣೆ ಬಂದ ಮೇಲಿನ ಎರಡು ವಾರ, ಪ್ರಾಜೆಕ್ಟಿಗಾಗಿ ನಿಜಕ್ಕೂ ಕೂತ ಗಂಟೆಗಳನ್ನು ಗುರುತು ಹಾಕಿಕೊಳ್ಳಿ. ಬಂದ ಸಂಖ್ಯೆಯ ಅರ್ಧದಷ್ಟಕ್ಕೆ ಮಾತ್ರ ಮಾತು ಕೊಡಿ. ವಾರಕ್ಕೆ ನಾಲ್ಕು ಗಂಟೆ ಸಿಗುತ್ತದೆ ಎನಿಸಿದರೆ ಎರಡು ಗಂಟೆ ಎನ್ನಿ. ಇದು ನನ್ನ ಸ್ವಂತ ಲೆಕ್ಕ. ಉಳಿದರ್ಧ ಮಗುವಿನ ಜ್ವರಕ್ಕೋ ಕಚೇರಿಯ ತುರ್ತಿಗೋ ಹೋಗಿಯೇ ತೀರುತ್ತದೆ.

ಹಂತ 3: ಹೇಳಿ, ಬೇಗ ಹೇಳಿ

ಈ ಮಾರ್ಗದರ್ಶಿಯಲ್ಲಿ ಒಂದನ್ನಷ್ಟೇ ಪಾಲಿಸುವಿರಾದರೆ ಇದನ್ನು ಪಾಲಿಸಿ. ಹಳೆಯ, ದೊಡ್ಡ ಸಮುದಾಯಗಳು ಇದಕ್ಕೆ ಪದ್ಧತಿಗಳನ್ನೇ ಮಾಡಿಕೊಂಡಿವೆ. 1993ರಲ್ಲಿ ಶುರುವಾದ, ಲಿನಕ್ಸ್ ಮೇಲೆ ಕಟ್ಟಿದ ಆಪರೇಟಿಂಗ್ ಸಿಸ್ಟಂ ಆದ ಡೆಬಿಯನ್‌ನಲ್ಲಿ ಡೆವಲಪರ್‌ಗಳು ಕೆಲವು ದಿನ ಸಿಗುವುದಿಲ್ಲ ಎಂದಾದರೆ ತಮ್ಮೊಳಗಿನ ಖಾಸಗಿ ಮೇಲಿಂಗ್ ಲಿಸ್ಟ್‌ಗೆ ‘ವಿಎಸಿ’ (ವೆಕೇಶನ್, ಅಂದರೆ ರಜೆ) ಎಂಬ ತಲೆಬರಹದ ಚಿಕ್ಕ ಸಂದೇಶ ಹಾಕುತ್ತಾರೆ. ಹೇಳದೆ ಮಾಯವಾದವರನ್ನು ವಿಚಾರಿಸಲು ಅಲ್ಲಿ ‘ಎಮ್ಐಎ’ (ಮಿಸ್ಸಿಂಗ್ ಇನ್ ಆ್ಯಕ್ಷನ್, ಅಂದರೆ ಕಾಣೆಯಾದವರು) ಎಂಬ ಪ್ರತ್ಯೇಕ ತಂಡವೇ ಇದೆ. ಅಂಥ ತಂಡವೊಂದು ಬೇಕಾಯಿತು ಎಂಬುದರಲ್ಲೇ ಈ ಸಮಸ್ಯೆ ಎಷ್ಟು ಸಾಮಾನ್ಯ ಎಂಬುದು ತಿಳಿಯುತ್ತದೆ.

ಲಿನಕ್ಸ್‌ನ ತಿರುಳಾದ ಲಿನಕ್ಸ್ ಕರ್ನಲ್‌ನ ಪದ್ಧತಿ ನನಗೆ ಇನ್ನೂ ಇಷ್ಟ. ಅದರ ‘ಮೇಂಟೇನರ್ಸ್’ (ಕೋಡನ್ನು ನೋಡಿಕೊಳ್ಳುವವರು) ಫೈಲಿನಲ್ಲಿ ಪ್ರತಿ ಭಾಗದ ಎದುರೂ ಅದರ ಸ್ಥಿತಿ ಬರೆದಿರುತ್ತದೆ. ಸಂಬಳ ಪಡೆದು ನೋಡಿಕೊಳ್ಳುವವರಿದ್ದರೆ ‘ಸಪೋರ್ಟೆಡ್’, ಸುಮ್ಮನೆ ಯಾರಾದರೂ ನೋಡಿಕೊಳ್ಳುತ್ತಿದ್ದರೆ ‘ಮೇಂಟೇನ್ಡ್’, ಯಾರೂ ಇಲ್ಲದಿದ್ದರೆ ‘ಆರ್ಫನ್’ (ಅನಾಥ). ಇವುಗಳ ನಡುವೆ ‘ಆಡ್ ಫಿಕ್ಸಸ್’ ಎಂಬ ಇನ್ನೊಂದು ಸ್ಥಿತಿಯೂ ಇದೆ: ಮೇಂಟೇನರ್ ಇದ್ದಾರೆ, ಆದರೆ ಆಗೊಂದು ಈಗೊಂದು ಪ್ಯಾಚ್ ಸೇರಿಸುವುದಕ್ಕಿಂತ ಹೆಚ್ಚು ಸಮಯ ಅವರಿಗಿಲ್ಲ ಎಂದು ಅದರ ಅರ್ಥ. ಪೂರ್ತಿ ಇರುವುದು ಮತ್ತು ಪೂರ್ತಿ ಇಲ್ಲದಿರುವುದರ ನಡುವೆ ಹೀಗೊಂದು ಗೌರವದ ಜಾಗ ಇರುವುದು ಎಷ್ಟೋ ಜನರನ್ನು ಉಳಿಸುತ್ತದೆ. ನಿಮ್ಮ ಪ್ರಾಜೆಕ್ಟ್ ಎಷ್ಟೇ ಚಿಕ್ಕದಾಗಿರಲಿ, ಅದರ ಪರಿಚಯ ಬರೆದಿರುವ ರೀಡ್‌ಮಿ ಫೈಲಿನ ಮೇಲ್ಭಾಗದಲ್ಲಿ ಇಂಥ ಒಂದು ಸಾಲು ಸೇರಿಸಲು ಎರಡು ನಿಮಿಷ ಸಾಕು.

ಸಂದೇಶದಲ್ಲಿ ಏನಿರಬೇಕು? ಯಾವಾಗಿನಿಂದ, ಎಷ್ಟು ಕಾಲ, ಯಾವ ಹೊಣೆ ಯಾರಿಗೆ, ತುರ್ತಿಗೆ ಎಲ್ಲಿ ಸಿಗುತ್ತೀರಿ, ಮತ್ತೆ ಯಾವಾಗ ಸುದ್ದಿ ಕೊಡುತ್ತೀರಿ. ಇಷ್ಟು ಸಾಕು. ಕಾರಣ ಹೇಳುವುದು ನಿಮ್ಮಿಷ್ಟ. ಕಾಯಿಲೆ, ಗರ್ಭಪಾತ, ವಿಚ್ಛೇದನ ಇಂಥವನ್ನು ಎಲ್ಲರೂ ಓದುವ, ಎಂದೂ ಅಳಿಸಲಾಗದ ಮೇಲಿಂಗ್ ಲಿಸ್ಟ್‌ನಲ್ಲಿ ಬರೆಯುವ ಮುನ್ನ ಒಂದು ರಾತ್ರಿ ಕಳೆಯಲು ಬಿಡಿ. ‘ವೈಯಕ್ತಿಕ ಕಾರಣ’ ಎಂಬ ಎರಡು ಪದಕ್ಕಿಂತ ಹೆಚ್ಚನ್ನು ಕೇಳುವ ಹಕ್ಕು ಯಾರಿಗೂ ಇಲ್ಲ. ಒಂದು ಮಾದರಿ:

‘ಮುಂದಿನ ತಿಂಗಳ 1ರಿಂದ ಸುಮಾರು ಮೂರು ತಿಂಗಳು ವೈಯಕ್ತಿಕ ಕಾರಣಗಳಿಂದ ನಾನು ಪ್ರಾಜೆಕ್ಟಿನಿಂದ ದೂರ ಇರುತ್ತೇನೆ. ರಿಲೀಸ್ ಕೆಲಸವನ್ನು ಇಂಥವರು ನೋಡಿಕೊಳ್ಳುತ್ತಾರೆ, ಅವರು ಒಪ್ಪಿದ್ದಾರೆ. ನನ್ನ ಹೆಸರಿನಲ್ಲಿರುವ ಇಶ್ಯೂಗಳಲ್ಲಿ ಎರಡನ್ನು ಮುಗಿಸಿ ಹೋಗುತ್ತೇನೆ. ಉಳಿದವುಗಳಿಂದ ನನ್ನ ಹೆಸರು ತೆಗೆದಿದ್ದೇನೆ, ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಭದ್ರತೆಗೆ ಸಂಬಂಧಿಸಿದ ತುರ್ತು ಇದ್ದರೆ ಮಾತ್ರ ಇಮೇಲ್ ಮಾಡಿ. ಮೂರು ತಿಂಗಳು ಮುಗಿದಾಗ, ಬರಲಿ ಬಾರದಿರಲಿ, ಇಲ್ಲೇ ಬರೆದು ತಿಳಿಸುತ್ತೇನೆ.’

ಕೊನೆಯ ಸಾಲಿನ ‘ಬರಲಿ ಬಾರದಿರಲಿ’ ಎಂಬುದನ್ನು ಬಿಡಬೇಡಿ. ಮರಳಲಾಗದಿದ್ದರೂ ಸುದ್ದಿ ಬರುತ್ತದೆ ಎಂಬ ಭರವಸೆಯ ಮೇಲೆ ಉಳಿದವರು ತಮ್ಮ ಕೆಲಸ ಹೊಂದಿಸಿಕೊಳ್ಳುತ್ತಾರೆ.

ನಾನಿಲ್ಲದೆ ನಡೆಯುವುದಿಲ್ಲ ಎಂದು ಅನಿಸುತ್ತಿದ್ದರೆ ಇದನ್ನು ನೆನಪಿಸಿಕೊಳ್ಳಿ. 2018ರ ಸೆಪ್ಟೆಂಬರ್‌ನಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಕರ್ನಲ್ ಕೆಲಸದಿಂದ ಬಿಡುವು ತೆಗೆದುಕೊಂಡರು. ಆ ವರ್ಷದ ಅಕ್ಟೋಬರ್‌ನಲ್ಲಿ 4.19 ಆವೃತ್ತಿಯನ್ನು ಇನ್ನೊಬ್ಬ ಮೇಂಟೇನರ್ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಬಿಡುಗಡೆ ಮಾಡಿದರು. ಟೊರ್ವಾಲ್ಡ್ಸ್ ಮರಳಿ ಬಂದು ಮುಂದಿನ ಆವೃತ್ತಿಯ ಕೆಲಸ ಹಿಡಿದರು.

ಹಂತ 4: ಉಳಿದಿರುವ ಸಮಯದ ಆಕಾರಕ್ಕೆ ತಕ್ಕ ಕೆಲಸ ಆರಿಸಿ

ಗಂಟೆಗಳ ಸಂಖ್ಯೆಯಷ್ಟೇ ಮುಖ್ಯವಾದದ್ದು ಅವು ಎಂಥ ಗಂಟೆಗಳು ಎಂಬುದು. ಎಳೆಗೂಸಿರುವ ಮನೆಯಲ್ಲಿ ದಿನಕ್ಕೆ ಎರಡು ಗಂಟೆ ಸಿಕ್ಕೀತು, ಆದರೆ ಹತ್ತು ಹತ್ತು ನಿಮಿಷಗಳ ಚೂರುಗಳಾಗಿ. ಹೊಸ ನೌಕರಿಯಲ್ಲಿ ವಾರವಿಡೀ ಏನೂ ಸಿಗದೆ ಭಾನುವಾರ ಒಟ್ಟಿಗೆ ಮೂರು ಗಂಟೆ ಸಿಗಬಹುದು. ಕಾಯಿಲೆಯವರ ಪಕ್ಕ ಕೂತವರಿಗೆ ಸಮಯ ಇರುತ್ತದೆ, ಮನಸ್ಸು ಇರುವುದಿಲ್ಲ.

ಚೂರು ಸಮಯಕ್ಕೆ ಅನುವಾದ, ದಸ್ತಾವೇಜಿನ ತಿದ್ದುಪಡಿ, ಹೊಸ ಇಶ್ಯೂಗಳಿಗೆ ಲೇಬಲ್ ಹಚ್ಚುವುದು, ಚಿಕ್ಕ ಪ್ಯಾಚಿನ ರಿವ್ಯೂ ಹೊಂದುತ್ತವೆ. ಇವನ್ನು ನಡುವೆ ಬಿಟ್ಟು ಎದ್ದುಹೋದರೂ ಏನೂ ಕೆಡುವುದಿಲ್ಲ. ರಿಲೀಸ್ ಮಾಡುವುದಕ್ಕೆ ಬೇಕಾದದ್ದು ಅಡ್ಡಿಯಿಲ್ಲದ ಗಂಟೆಗಳು. ಅರ್ಧಕ್ಕೆ ನಿಂತ ರಿಲೀಸ್ ಎಲ್ಲರಿಗೂ ತೊಂದರೆ. ಭದ್ರತಾ ವರದಿಗಳಿಗೆ ಉತ್ತರಿಸುವ ಕೆಲಸದಲ್ಲಿ ಗಂಟೆಗಳು ಕಡಿಮೆಯಿದ್ದರೂ ಕರೆದಾಗ ಸಿಗಲೇಬೇಕು. ಬದುಕು ಅಲ್ಲಾಡುತ್ತಿರುವಾಗ ಈ ಎರಡನ್ನು ಮೊದಲು ಕೆಳಗಿಳಿಸಿ.

ಇನ್ನೊಂದು ಬಗೆಯ ಹೊಣೆಯಿದೆ, ಅದು ಹಗುರ ಎನಿಸುತ್ತದೆ, ಹಾಗಾಗಿಯೇ ಅಪಾಯಕಾರಿ: ದ್ವಾರಪಾಲಕನ ಹೊಣೆ. ‘ನಾನೇನೂ ಬರೆಯುವುದಿಲ್ಲ, ಒಪ್ಪಿಗೆ ಮಾತ್ರ ಕೊಡುತ್ತೇನೆ’ ಎಂದುಕೊಳ್ಳುತ್ತೇವೆ. ಆದರೆ ನಿಮ್ಮ ಒಪ್ಪಿಗೆಯಿಲ್ಲದೆ ಏನೂ ಸೇರದು ಎಂಬ ನಿಯಮವಿದ್ದರೆ, ನೀವು ವಾರಗಟ್ಟಲೆ ಬಾರದಿದ್ದಾಗ ಇಡೀ ತಂಡ ಬಾಗಿಲಲ್ಲಿ ನಿಂತಿರುತ್ತದೆ. ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ, ಯಾವ ಕೋಡ್ ಯಾರ ಹೊಣೆ ಎಂದು ಬರೆದಿಡುವ ಕೋಡ್‌ಓನರ್ಸ್ ಫೈಲಿನಲ್ಲಿ ನಿಮ್ಮ ಹೆಸರು ಒಂಟಿಯಾಗಿದ್ದರೆ ಇವತ್ತೇ ಇನ್ನೊಂದು ಹೆಸರು ಸೇರಿಸಿ. ಡೆಬಿಯನ್‌ನಲ್ಲಿ ಕೆಲವರು, ‘ನನ್ನ ಪ್ಯಾಕೇಜುಗಳನ್ನು ಬೇರೆಯವರು ನನ್ನನ್ನು ಕೇಳದೆಯೂ ತಿದ್ದಿ ಏರಿಸಬಹುದು’ ಎಂದು ಮೊದಲೇ ಒಪ್ಪಿಗೆ ಕೊಟ್ಟು ಪಟ್ಟಿಯೊಂದರಲ್ಲಿ ಹೆಸರು ಬರೆಸಿರುತ್ತಾರೆ. ಬಿಡುವಿಲ್ಲದವರು ಕೊಡಬಹುದಾದ ದೊಡ್ಡ ಕೊಡುಗೆ ಅದು.

ಖಂಡ ದಾಟಿ ಹೋಗುತ್ತಿದ್ದರೆ ಸಭೆಗಳ ಸಮಯ ನಿಮಗೆ ನಡುರಾತ್ರಿಯಾದೀತು. ಹಲವು ಓಪನ್ ಸೋರ್ಸ್ ಪ್ರಾಜೆಕ್ಟುಗಳನ್ನು ಪೋಷಿಸುವ ಅಪಾಚೆ ಫೌಂಡೇಶನ್ನಿನ ಯೋಜನೆಗಳಲ್ಲಿ ಮತದಾನಕ್ಕೆ ಕನಿಷ್ಠ 72 ಗಂಟೆ ಕಾಯುವ ವಾಡಿಕೆ ಇರುವುದು, ಬೇರೆ ಬೇರೆ ಕಾಲವಲಯಗಳಲ್ಲಿರುವ ಸ್ವಯಂಸೇವಕರಿಗೂ ಓದಿ ಉತ್ತರಿಸಲು ಸಮಯ ಸಿಗಲಿ ಎಂದೇ. ನಿಮ್ಮ ತಂಡಕ್ಕೂ ಅಂಥ ಅವಧಿಯೊಂದನ್ನು ಸೂಚಿಸಿ.

ಹಂತ 5: ಹಸ್ತಾಂತರ, ಅವಸರವಿಲ್ಲದೆ

ದಣಿದಾಗ ಯಾರಾದರೂ ‘ನಾನು ನೋಡಿಕೊಳ್ಳುತ್ತೇನೆ’ ಎಂದರೆ ಕಣ್ಣು ತುಂಬಿ ಬರುತ್ತದೆ. ಆ ಗಳಿಗೆಯಲ್ಲೇ ಎಚ್ಚರ ಬೇಕು.

2018ರಲ್ಲಿ ‘ಇವೆಂಟ್-ಸ್ಟ್ರೀಮ್’ ಎಂಬ, ಜಾವಾಸ್ಕ್ರಿಪ್ಟ್ ಭಂಡಾರವಾದ ಎನ್‌ಪಿಎಂನ ಪ್ಯಾಕೇಜಿನ ಮೂಲ ಲೇಖಕರು ಅದನ್ನು ಬಳಸುವುದನ್ನೇ ಬಿಟ್ಟಿದ್ದರು. ನೋಡಿಕೊಳ್ಳುತ್ತೇನೆಂದು ಮುಂದೆ ಬಂದ ಅಪರಿಚಿತರೊಬ್ಬರಿಗೆ ಒಪ್ಪಿಸಿದರು. ಆ ಹೊಸಬರು ಒಂದು ಬಿಟ್‌ಕಾಯಿನ್ ವ್ಯಾಲೆಟ್‌ನಿಂದ ಹಣ ಕದಿಯುವ ಕೋಡನ್ನು ಅದರೊಳಗೆ ಸೇರಿಸಿದರು. ‘ಎಕ್ಸ್‌ಝಡ್’ ಪ್ರಕರಣ ಇನ್ನೂ ಕಹಿ. ಒಬ್ಬರೇ ನಡೆಸುತ್ತಿದ್ದ ಆ ಸಂಕುಚನ ತಂತ್ರಾಂಶದ ಮೇಂಟೇನರ್, ತಮ್ಮ ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎಂದು 2022ರಲ್ಲಿ ಬಹಿರಂಗವಾಗಿ ಹೇಳಿಕೊಂಡಿದ್ದರು. ಅದೇ ಹೊತ್ತಿಗೆ ಕೆಲವು ಖಾತೆಗಳು, ಕೆಲಸ ನಿಧಾನ, ಬೇರೆಯವರಿಗೆ ಕೊಡಿ ಎಂದು ಒತ್ತಡ ಹೇರುತ್ತಿದ್ದವು. ಸಹಾಯಕ್ಕೆ ಬಂದ ಒಂದು ಖಾತೆ ಎರಡು ವರ್ಷ ತಾಳ್ಮೆಯಿಂದ ದುಡಿದು ನಂಬಿಕೆ ಗಳಿಸಿ, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಇಟ್ಟಿತು. ಸರ್ವರ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿರುವುದನ್ನು ಗಮನಿಸಿ ಬೆನ್ನುಹತ್ತಿದ ಆಂಡ್ರೆಸ್ ಫ್ರಾಯಿಂಡ್ 2024ರ ಮಾರ್ಚ್ 29ರಂದು ಅದನ್ನು ಬಯಲಿಗೆಳೆದರು. ಇಲ್ಲಿ ಮೇಂಟೇನರ್ ಅವರನ್ನು ದೂರುವವರ ಜೊತೆ ನಾನಿಲ್ಲ. ದಣಿದ ಒಬ್ಬರನ್ನು ವರ್ಷಗಟ್ಟಲೆ ಒಂಟಿಯಾಗಿ ಬಿಟ್ಟು, ಅವರ ಕೆಲಸವನ್ನು ಮಾತ್ರ ಎಲ್ಲರೂ ಬಳಸಿಕೊಂಡೆವು.

ಹಾಗಾದರೆ ಹೇಗೆ ಒಪ್ಪಿಸಬೇಕು? ಮೊದಲು ಹಳಬರಲ್ಲಿ ಹುಡುಕಿ. ಹಲವು ವರ್ಷಗಳಿಂದ ಬೇರೆ ಕಡೆಯೂ ಕೆಲಸ ಮಾಡಿ ಪರಿಚಿತರಾದವರು ಯಾರೂ ಇಲ್ಲವೇ ಎಂದು ವಿಚಾರಿಸಿ. ಹಕ್ಕುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಡಿ: ಮೊದಲು ಇಶ್ಯೂ ನಿರ್ವಹಣೆ, ಆಮೇಲೆ ಕೋಡ್ ಸೇರಿಸುವುದು, ಎಲ್ಲಕ್ಕಿಂತ ಕೊನೆಗೆ ರಿಲೀಸ್ ಹಕ್ಕು. ಒಬ್ಬರ ಬದಲು ಇಬ್ಬರಿಗೆ ಕೊಡಲು ಸಾಧ್ಯವಾದರೆ ಇಬ್ಬರಿಗೆ ಕೊಡಿ. ‘ಬೇಗ ಕೊಡಿ’ ಎಂದು ಯಾರಾದರೂ ಪೀಡಿಸುತ್ತಿದ್ದರೆ ಇನ್ನಷ್ಟು ನಿಧಾನಿಸಿ.

ಕಲಿಸುವ ಬಗೆಯಲ್ಲಿ, ಸರ್ವರ್ ನಿರ್ವಹಣೆಯ ತಂತ್ರಾಂಶವಾದ ಕುಬರ್ನೆಟೀಸ್‌ನ ರಿಲೀಸ್ ತಂಡದ ಪದ್ಧತಿ ಚೆನ್ನಾಗಿದೆ. ಅಲ್ಲಿ ಪ್ರತಿ ಹುದ್ದೆಯ ಜೊತೆಗೂ ‘ಶ್ಯಾಡೋ’ಗಳಿರುತ್ತಾರೆ, ಅಂದರೆ ನೆರಳಿನಂತೆ ಜೊತೆಗಿದ್ದು ಕಲಿಯುವವರು. ನಾನು ಇದನ್ನು ಚಿಕ್ಕ ಮಟ್ಟದಲ್ಲಿ ಮಾಡಿ ನೋಡಿದೆ. ಒಂದು ರಿಲೀಸನ್ನು ನಾನು ಮಾಡಿದೆ, ಅವರು ನೋಡಿದರು. ಮುಂದಿನದನ್ನು ಅವರು ಮಾಡಿದರು, ನಾನು ಕರೆಯಲ್ಲಿ ಸುಮ್ಮನೆ ಕೂತಿದ್ದೆ. ಅವರು ಎಲ್ಲಿ ತಡವರಿಸಿದರೋ ಅಲ್ಲೆಲ್ಲ ನನ್ನ ದಸ್ತಾವೇಜಿನಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು. ಹೀಗೆ ಸಿಕ್ಕ ಹನ್ನೊಂದು ಸಾಲುಗಳನ್ನು ನಾನೊಬ್ಬನೇ ಕೂತಿದ್ದರೆ ಎಂದೂ ಬರೆಯುತ್ತಿರಲಿಲ್ಲ.

ಯಾರೂ ಸಿಗದಿದ್ದರೆ ಸಿಕ್ಕಿಲ್ಲ ಎಂದು ಎಲ್ಲರಿಗೂ ತಿಳಿಸಿ. ಡೆಬಿಯನ್‌ನಲ್ಲಿ ‘ದತ್ತು ಬೇಕು’, ‘ಸಹಾಯ ಬೇಕು’, ‘ಅನಾಥ’ ಎಂದು ಬೇರೆ ಬೇರೆ ಗುರುತು ಹಾಕುವ ವ್ಯವಸ್ಥೆಯಿದೆ. ಪರ್ಲ್ ಭಾಷೆಯ ಸಿಪ್ಯಾನ್ ಭಂಡಾರದಲ್ಲಿ ‘ಅಡಾಪ್ಟ್‌ಮಿ’ (ದತ್ತು ತೆಗೆದುಕೊಳ್ಳಿ), ‘ಹ್ಯಾಂಡ್‌ಆಫ್’ (ಹಸ್ತಾಂತರ), ‘ನೀಡ್‌ಹೆಲ್ಪ್’ (ಸಹಾಯ ಬೇಕು) ಎಂಬ ಹೆಸರುಗಳನ್ನು ಜೊತೆ ಮೇಂಟೇನರ್ ಆಗಿ ಸೇರಿಸಿ ಇದನ್ನೇ ತಿಳಿಸುತ್ತಾರೆ. ಕೊನೆಯ ದಾರಿ ರೆಪಾಸಿಟರಿಯನ್ನು (ಕೋಡ್ ಇಟ್ಟ ಜಾಗವನ್ನು) ಆರ್ಕೈವ್ ಮಾಡುವುದು, ಅಂದರೆ ಓದಲು ಮಾತ್ರ ತೆರೆದಿಡುವುದು. ಕೋಡ್ ಅಲ್ಲೇ ಉಳಿಯುತ್ತದೆ, ಯಾರು ಬೇಕಾದರೂ ಫೋರ್ಕ್ (ತಮ್ಮದೇ ಪ್ರತಿ) ಮಾಡಿಕೊಳ್ಳಬಹುದು, ಬಳಕೆದಾರರಿಗೆ ಸತ್ಯಸ್ಥಿತಿ ಗೊತ್ತಾಗುತ್ತದೆ. ಗೊತ್ತಿಲ್ಲದವರ ಕೈಗೆ ಕೀಲಿ ಕೊಡುವುದಕ್ಕಿಂತ ಬೀಗ ಹಾಕಿ ಬೋರ್ಡ್ ತೂಗುಹಾಕುವುದು ಮೇಲು.

ಹಂತ 6: ನೌಕರಿ ಬದಲಾದರೆ ಕಾಗದಪತ್ರ ನೋಡಿ

ಇದು ಒಣ ವಿಷಯ, ಆದರೆ ಬಿಟ್ಟರೆ ಆಮೇಲೆ ತಲೆನೋವು. ಹೊಸ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಬೌದ್ಧಿಕ ಆಸ್ತಿಯ ಷರತ್ತನ್ನು ಓದಿ. ಬಿಡುವಿನಲ್ಲಿ ಬರೆದ ಕೋಡೂ ಕಂಪನಿಗೇ ಸೇರುತ್ತದೆ ಎಂಬ ಷರತ್ತು ಕೆಲವು ಕಡೆ ಇರುತ್ತದೆ. ಇಂಥ ಪ್ರಾಜೆಕ್ಟಿನಲ್ಲಿ ತೊಡಗಿದ್ದೇನೆ ಎಂದು ಸೇರುವ ಮೊದಲೇ ತಿಳಿಸಿ, ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ಲಿನಕ್ಸ್ ಕರ್ನಲ್ ಮತ್ತು ಇನ್ನೆಷ್ಟೋ ಪ್ರಾಜೆಕ್ಟುಗಳಲ್ಲಿ ‘ಸೈನ್ಡ್-ಆಫ್-ಬೈ’ ಎಂದು ಬರೆಯುವುದರ ಅರ್ಥವೇ ಈ ಕೋಡನ್ನು ಕೊಡುವ ಹಕ್ಕು ನನಗಿದೆ ಎಂಬ ಘೋಷಣೆ.

ಹಳೆಯ ಕಚೇರಿಯ ಇಮೇಲ್‌ಗೆ ಕಟ್ಟಿಕೊಂಡಿರುವ ಖಾತೆಗಳನ್ನು ಆ ಇಮೇಲ್ ಮುಚ್ಚುವ ಮೊದಲೇ ಬದಲಿಸಿ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನ ‘ಮೇಲ್‌ಮ್ಯಾಪ್’ ಫೈಲಿನಲ್ಲಿ ಹಳೆಯ ವಿಳಾಸವನ್ನು ಹೊಸದಕ್ಕೆ ಜೋಡಿಸಿದರೆ ನಿಮ್ಮ ಹಿಂದಿನ ಕಮಿಟ್‌ಗಳು (ದಾಖಲಾದ ಬದಲಾವಣೆಗಳು) ಒಂದೇ ಹೆಸರಿನಲ್ಲಿ ಸಿಗುತ್ತವೆ. ಮದುವೆಯಿಂದಲೋ ಬೇರೆ ಕಾರಣಕ್ಕೋ ಹೆಸರು ಬದಲಾದವರಿಗೂ ಇದು ಉಪಯೋಗ. ಫೋನ್ ಸಂಖ್ಯೆ ಬದಲಾಗುವುದಿದ್ದರೆ ಎರಡು ಹಂತದ ದೃಢೀಕರಣದ ರಿಕವರಿ ಕೋಡುಗಳನ್ನು ಮೊದಲು ಕಾಗದದ ಮೇಲೆ ಮುದ್ರಿಸಿಕೊಳ್ಳಿ. ಪೈಥಾನ್ ಭಾಷೆಯ ಪೈಪಿಐ ಪ್ಯಾಕೇಜ್ ಭಂಡಾರ 2024ರ ಜನವರಿ 1ರಿಂದ ಎರಡು ಹಂತದ ದೃಢೀಕರಣವನ್ನು ಎಲ್ಲರಿಗೂ ಕಡ್ಡಾಯ ಮಾಡಿದೆ. ಹಳೆಯ ಸಿಮ್ ಜೊತೆಗೆ ರಿಲೀಸ್ ಹಕ್ಕೂ ಕಳೆದುಹೋಗಬಾರದು.

ಹಂತ 7: ಹೇಳದೆ ಬರುವುದಕ್ಕೂ ಸಿದ್ಧತೆ ಇರಲಿ

ಅಪಘಾತಕ್ಕೆ, ಸಾವಿಗೆ ಮುನ್ಸೂಚನೆ ಇರುವುದಿಲ್ಲ. ಗಿಟ್‌ಹಬ್‌ನ ಸೆಟ್ಟಿಂಗ್ಸ್‌ನಲ್ಲಿ ಉತ್ತರಾಧಿಕಾರಿಯನ್ನು ಹೆಸರಿಸಬಹುದು. ನೀವು ತೀರಿಕೊಂಡರೆ ಅವರು ಮರಣ ಪ್ರಮಾಣಪತ್ರ ಸಲ್ಲಿಸಿ 7 ದಿನ, ಅಥವಾ ಪತ್ರಿಕೆಯ ಶ್ರದ್ಧಾಂಜಲಿ ಪ್ರಕಟಣೆಯನ್ನು ಸಲ್ಲಿಸಿ 21 ದಿನ ಕಾದು, ನಿಮ್ಮ ಸಾರ್ವಜನಿಕ ರೆಪಾಸಿಟರಿಗಳನ್ನು ನೋಡಿಕೊಳ್ಳಬಹುದು. ನಿಮ್ಮ ಖಾತೆಗೆ ಲಾಗಿನ್ ಆಗುವ ಹಕ್ಕು ಅವರಿಗೆ ಬರುವುದಿಲ್ಲ. ಇದನ್ನು ಮಾಡಲು ಐದು ನಿಮಿಷ ಹಿಡಿಯುತ್ತದೆ. ಜೊತೆಗೆ ಮನೆಯವರಿಗೆ ಒಂದು ಪುಟದ ಪತ್ರ ಬರೆದಿಡಿ: ನಾನು ಇಂಥ ಪ್ರಾಜೆಕ್ಟಿನಲ್ಲಿದ್ದೇನೆ, ನನಗೇನಾದರೂ ಆದರೆ ಇಂಥವರಿಗೆ ಒಂದು ಸಂದೇಶ ಕಳಿಸಿ. ಎಷ್ಟೋ ವರ್ಷ ಜೊತೆಗೆ ದುಡಿದವರಿಗೆ ಗೆಳೆಯನ ಸಾವು ತಿಳಿಯದೇ ಹೋಗುವುದು ಈ ಲೋಕದ ದೊಡ್ಡ ನೋವುಗಳಲ್ಲೊಂದು.

ಹಂತ 8: ಜೊತೆಗಿರುವವರು ಮಾಡಬೇಕಾದದ್ದು

ಬಿಡುವು ಕೇಳಿದವರಿಗೆ ‘ಬೇಗ ಬನ್ನಿ’ ಎನ್ನುವುದು ಪ್ರೀತಿಯ ಮಾತೇ, ಆದರೆ ಕೇಳುವವರ ಕಿವಿಗೆ ಅದು ಗಡುವಿನಂತೆ ಬೀಳುತ್ತದೆ. ‘ಇದನ್ನು ನಾನು ಹಿಡಿದುಕೊಂಡಿದ್ದೇನೆ’ ಎಂದು ಒಂದು ನಿರ್ದಿಷ್ಟ ಕೆಲಸದ ಹೆಸರು ಹೇಳಿ, ಅದೇ ನಿಜವಾದ ಸಾಂತ್ವನ. ಹೋದವರ ಹೆಸರನ್ನು ಅಳಿಸಬೇಡಿ. ಕರ್ನಲ್‌ನಲ್ಲಿ ಹಿಂದೆ ದುಡಿದವರ ಹೆಸರಿಗೆ ‘ಕ್ರೆಡಿಟ್ಸ್’ ಎಂಬ ಫೈಲೇ ಇದೆ. ಜಾವಾಸ್ಕ್ರಿಪ್ಟ್ ತಂತ್ರಾಂಶವಾದ ನೋಡ್ ಜೆಎಸ್‌ನ ರೀಡ್‌ಮಿಯಲ್ಲಿ ‘ಎಮಿರಿಟಸ್’ (ಗೌರವದ ನಿವೃತ್ತರು) ಎಂದು ಪಟ್ಟಿ ಮಾಡುತ್ತಾರೆ. ಗಳಿಸಿದ ಅರ್ಹತೆಗೆ ಅವಧಿ ಮುಗಿಯುವುದಿಲ್ಲ ಎಂಬುದು ಅಪಾಚೆಯ ನಂಬಿಕೆ. ಆದರೆ ಗೌರವ ಬೇರೆ, ಕೀಲಿ ಬೇರೆ. ಬಳಸದೆ ಬಿದ್ದಿರುವ ರಿಲೀಸ್ ಹಕ್ಕನ್ನು ಹಿಂಪಡೆಯುವುದು ಅವಮಾನವೆಂದು ಭಾವಿಸಬೇಡಿ, ಕಳುವಾದ ಖಾತೆಯಿಂದ ಎಲ್ಲರನ್ನೂ ಕಾಯುವ ಉಪಾಯ ಅದು.

ಹೋಗುವವರೇ ಮುಂದಿನದನ್ನೆಲ್ಲ ತೀರ್ಮಾನಿಸಬೇಕೆಂದೂ ಇಲ್ಲ. 2018ರ ಜುಲೈನಲ್ಲಿ ಪೈಥಾನ್‌ನ ನಾಯಕತ್ವದಿಂದ ಇಳಿದ ಆ ಭಾಷೆಯ ಸೃಷ್ಟಿಕರ್ತ ಗೈಡೋ ವಾನ್ ರಾಸಮ್, ಉತ್ತರಾಧಿಕಾರಿಯನ್ನು ನೇಮಿಸದೆ ಆಯ್ಕೆಯನ್ನು ತಂಡಕ್ಕೇ ಬಿಟ್ಟರು. ತಂಡ ತಿಂಗಳುಗಟ್ಟಲೆ ಚರ್ಚಿಸಿ, ಐದು ಜನರ ಚುನಾಯಿತ ಮಂಡಳಿಯನ್ನು ರೂಪಿಸಿಕೊಂಡಿತು.

ಹಂತ 9: ಮರಳುವಾಗ

ಹೇಳಿದ ದಿನಾಂಕಕ್ಕೆ ಒಂದು ವಾರ ಮೊದಲು ನಿಮಗೇ ನೆನಪಾಗುವಂತೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. ಆ ವಾರ ಕೇಳಿಕೊಳ್ಳಬೇಕಾದದ್ದು: ನನಗೆ ಮರಳುವ ಮನಸ್ಸಿದೆಯೇ, ಅಥವಾ ಮರಳದಿದ್ದರೆ ಏನೆಂದುಕೊಳ್ಳುತ್ತಾರೋ ಎಂಬ ಅಳುಕಿದೆಯೇ? ಎರಡನೆಯದಾದರೆ ಬಿಡುವನ್ನು ಮುಂದುವರಿಸಿ ಅಥವಾ ವಿದಾಯ ಹೇಳಿ.

ಮರಳಿದರೆ ಮೊದಲ ವಾರ ಓದುವುದಕ್ಕೆ ಮಾತ್ರ. ಸಾವಿರಾರು ಹಳೆಯ ನೋಟಿಫಿಕೇಶನ್‌ಗಳನ್ನು ಒಂದೊಂದಾಗಿ ಬಿಡಿಸುತ್ತಾ ಕೂರಬೇಡಿ, ಎಲ್ಲವನ್ನೂ ಓದಿದ್ದಾಗಿ ಗುರುತು ಹಾಕಿಬಿಡಿ. ಮುಖ್ಯವಾದವು ಮತ್ತೆ ಬಂದೇ ಬರುತ್ತವೆ. ನೀವಿಲ್ಲದಾಗ ಆದ ತೀರ್ಮಾನಗಳು ನಿಮಗೆ ಹಿಡಿಸದಿದ್ದರೂ ಒಂದು ತಿಂಗಳು ಅವುಗಳ ಜೊತೆ ಕೆಲಸ ಮಾಡಿ ನೋಡಿ, ಆಮೇಲೆ ಮಾತಾಡಿ. ಹಳೆಯ ಹೊಣೆಗಳನ್ನು ಒಟ್ಟಿಗೆ ವಾಪಸ್ ಕೇಳಬೇಡಿ. ಅವನ್ನು ಹೊತ್ತವರಿಗೆ ಈಗ ಅವು ಸ್ವಂತ.

ಎರಡನೆಯ ಬಾರಿ ನಾನು ಬಿಡುವು ತೆಗೆದುಕೊಂಡದ್ದು ಅಪ್ಪನ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ. ಆ ಸಲ ಮೊದಲೇ ಹೇಳಿ, ಒಪ್ಪಿಸಿ ಹೋಗಿದ್ದೆ. ಐದು ತಿಂಗಳ ಮೇಲೆ ಬಂದಾಗ ರಿಲೀಸ್ ನೋಡಿಕೊಳ್ಳುತ್ತಿದ್ದವರು ನನ್ನ ಹಳೆಯ ಪದ್ಧತಿಯನ್ನೇ ಬದಲಿಸಿದ್ದರು, ಪರೀಕ್ಷೆಗಳು ಮೊದಲಿಗಿಂತ ಬೇಗ ಮುಗಿಯುತ್ತಿದ್ದವು. ನಾನು ಒಂದು ಚಿಕ್ಕ ಪ್ಯಾಚ್ ಕಳಿಸಿದೆ. ಮಾರನೆಯ ದಿನವೇ ಅವರು ರಿವ್ಯೂ ಮಾಡಿ, ಹೊಸ ನಿಯಮದಂತೆ ಎರಡು ಕಡೆ ತಿದ್ದಲು ಹೇಳಿದರು. ತಿದ್ದಿ ಕಳಿಸಿದೆ.